ಧಾರವಾಡ ಮೂರು ಹೋಳಾಯಿತು, ಬೆಳಗಾವಿ ಯಾಕೆ ಆಗಲಿಲ್ಲ?

ಡಿಸೆಂಬರ್ ಬಂತೆಂದರೆ ಬೆಳಗಾವಿಯಲ್ಲಿ ಅಧಿವೇಶನ. ಅಧಿವೇಶನ ಬಂತೆಂದರೆ ಜಿಲ್ಲೆ ಒಡೆಯಿರಿ ಎಂಬ ಕೂಗು. ಇದು ಪ್ರತಿ ವರ್ಷದ ಮಾತು, ಹೊಸದೇನಲ್ಲ. ಆದರೆ 2025ರ ಡಿಸೆಂಬರ್‌ನಲ್ಲಿ ಈ ಕೂಗಿಗೆ ಒಂದು ತಾರೀಖು ಅಂಟಿಕೊಂಡಿತು. ಡಿಸೆಂಬರ್ 31ರ ಒಳಗೆ ಚಿಕ್ಕೋಡಿ ಮತ್ತು ಗೋಕಾಕ ಜಿಲ್ಲೆ ಘೋಷಿಸಿ, ಇಲ್ಲದಿದ್ದರೆ ಮತ್ತೆ ವರ್ಷಗಟ್ಟಲೆ ಕಾಯಬೇಕು ಎನ್ನುವುದು ಆಗಿನ ಒತ್ತಾಯ.

ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಜಿಲ್ಲೆ ಮಾಡುವುದು ರಾಜ್ಯ ಸರ್ಕಾರದ ಕೈಯಲ್ಲಿರುವ ಕೆಲಸ, ಅದಕ್ಕೆ ಕೇಂದ್ರದ ಗಡುವು ಯಾಕೆ? ಆಡಳಿತ ಪಕ್ಷದವರೂ ಕೇಳುತ್ತಾರೆ, ವಿರೋಧ ಪಕ್ಷದವರೂ ಕೇಳುತ್ತಾರೆ, ಆದರೂ ಆಗುತ್ತಿಲ್ಲ ಯಾಕೆ? ಕನ್ನಡದ ಪರ ಇರುವ ಸಂಘಟನೆಗಳೇ ಒಮ್ಮೆ ಬೀದಿಗಿಳಿದು ಇದನ್ನು ತಡೆದಿದ್ದವಂತೆ, ಅದು ಯಾಕೆ? ಈ ಪ್ರಶ್ನೆಗಳಿಗೆ ಉತ್ತರ ಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊದಲು ಗಡುವಿನ ವಿಷಯ ಮುಗಿಸಿಕೊಳ್ಳೋಣ.

ಡಿಸೆಂಬರ್ 31ರ ಗಂಟು

ದೇಶದಲ್ಲಿ ಕೊನೆಯ ಜನಗಣತಿ ನಡೆದದ್ದು 2011ರಲ್ಲಿ. 2021ರದ್ದು ಕೋವಿಡ್‌ನಿಂದ ನಿಂತುಹೋಯಿತು. ಈಗ 2027ರ ಜನಗಣತಿಗೆ ತಯಾರಿ ನಡೆದಿದೆ. 2026ರಲ್ಲಿ ಮನೆಗಳ ಪಟ್ಟಿ, 2027ರ ಫೆಬ್ರವರಿಯಲ್ಲಿ ಜನರ ಎಣಿಕೆ. ಲೆಕ್ಕಕ್ಕೆ ಹಿಡಿಯುವ ದಿನ 2027ರ ಮಾರ್ಚ್ 1.

ಎಣಿಕೆ ಮಾಡುವ ಮೊದಲು ಯಾವ ಹಳ್ಳಿ ಯಾವ ತಾಲೂಕಿಗೆ, ಯಾವ ತಾಲೂಕು ಯಾವ ಜಿಲ್ಲೆಗೆ ಸೇರಿದ್ದು ಎಂಬುದು ಗಟ್ಟಿಯಾಗಬೇಕು. ಜಿಲ್ಲಾಧಿಕಾರಿಯೇ ಜಿಲ್ಲೆಯ ಜನಗಣತಿ ಮುಖ್ಯಸ್ಥರು. ಎಣಿಕೆಯ ನಡುವೆ ಅರ್ಧ ಜಿಲ್ಲೆಯನ್ನು ಬೇರೆಯವರ ಕೈಗೆ ಕೊಟ್ಟರೆ ಲೆಕ್ಕ ಕೆಡುತ್ತದೆ. ಹಾಗಾಗಿ 2026ರ ಜನವರಿ 1ರಿಂದ 2027ರ ಮಾರ್ಚ್ 31ರವರೆಗೆ ಜಿಲ್ಲೆ, ತಾಲೂಕು, ಹಳ್ಳಿಗಳ ಗಡಿ ಬದಲಿಸಬಾರದು ಎಂದು ಜನಗಣತಿ ಇಲಾಖೆ ರಾಜ್ಯಗಳಿಗೆ ಹೇಳಿದೆ. ಬದಲಾವಣೆ ಏನಿದ್ದರೂ 2025ರ ಡಿಸೆಂಬರ್ 31ರೊಳಗೆ ಮಾಡಿಕೊಳ್ಳಿ ಎಂಬುದು ಇದರ ಅರ್ಥ. ಗಡುವು ಎಂದರೆ ಇಷ್ಟೇ. 2027ರ ಏಪ್ರಿಲ್ ಆದಮೇಲೆ ಬಾಗಿಲು ಮತ್ತೆ ತೆರೆಯುತ್ತದೆ.

ಹಾಗಿದ್ದರೆ ಹದಿನೈದು ತಿಂಗಳಿಗೆ ಇಷ್ಟು ಅವಸರ ಯಾಕೆ? ಒಂದು ಕಾರಣ ಬಾಯಿಬಿಟ್ಟು ಹೇಳುವಂಥದ್ದು: ಹೊಸ ಜಿಲ್ಲೆಗೆ ತನ್ನದೇ ಜನಗಣತಿ ಅಂಕಿ ಸಿಕ್ಕರೆ ಯೋಜನೆ, ಅನುದಾನ ಎಲ್ಲಕ್ಕೂ ಅನುಕೂಲ. ಇನ್ನೊಂದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಈ ಜನಗಣತಿಯ ಅಂಕಿಗಳು ಮುಂದಿನ ಕ್ಷೇತ್ರ ಮರುವಿಂಗಡಣೆಗೂ ಆಧಾರವಾಗಬಹುದು. ವಿಧಾನಸಭಾ ಕ್ಷೇತ್ರಗಳನ್ನು ಬರೆಯುವಾಗ ಸಾಮಾನ್ಯವಾಗಿ ಜಿಲ್ಲೆಯ ಗಡಿ ದಾಟುವುದಿಲ್ಲ. ಜಿಲ್ಲೆ ಒಂದೇ ಇದ್ದರೆ ಒಂದು ತಾಲೂಕಿನ ನಾಲ್ಕು ಹಳ್ಳಿಗಳನ್ನು ಪಕ್ಕದ ತಾಲೂಕಿನ ಕ್ಷೇತ್ರಕ್ಕೆ ಸೇರಿಸಬಹುದು. ನಡುವೆ ಜಿಲ್ಲೆಯ ಗೆರೆ ಬಿದ್ದರೆ ಅದು ಕಷ್ಟ. ಅಂದರೆ ಈಗ ಎಳೆಯುವ ಗೆರೆ ಮುಂದಿನ ಚುನಾವಣೆಗಳ ನಕ್ಷೆಯನ್ನೂ ಒಳಗೊಳಗೇ ಬರೆಯುತ್ತದೆ. ಶಾಸಕರಿಗೆ ಇದು ಚೆನ್ನಾಗಿ ಗೊತ್ತು.

ಎಷ್ಟು ದೊಡ್ಡದು, ಎಷ್ಟು ದೂರ

ಬೆಳಗಾವಿ ರಾಜ್ಯದ ಅತಿ ದೊಡ್ಡ ಜಿಲ್ಲೆ. ವಿಸ್ತೀರ್ಣ ಸುಮಾರು 13,400 ಚದರ ಕಿಲೋಮೀಟರ್. ಪಕ್ಕದ ಗೋವಾ ರಾಜ್ಯ ಸುಮಾರು 3,700. ಅಂಥ ಮೂರು ಗೋವಾ ಹಿಡಿಸಿದ ಮೇಲೂ ಇಲ್ಲಿ ಜಾಗ ಉಳಿಯುತ್ತದೆ. 2011ರಲ್ಲಿ ಜನಸಂಖ್ಯೆ 47.79 ಲಕ್ಷ. ಬೆಂಗಳೂರು ನಗರ ಬಿಟ್ಟರೆ ರಾಜ್ಯದಲ್ಲಿ ಇದೇ ಜಾಸ್ತಿ. ಅದೇ ವರ್ಷ ಕೊಡಗಿನಲ್ಲಿ ಇದ್ದವರು ಐದೂವರೆ ಲಕ್ಷ ಜನ. ಕೊಡಗಿಗೂ ಒಬ್ಬ ಡಿಸಿ, ಬೆಳಗಾವಿಗೂ ಒಬ್ಬ ಡಿಸಿ.

ಜಿಲ್ಲೆಯಲ್ಲಿ 15 ತಾಲೂಕು, 18 ವಿಧಾನಸಭಾ ಕ್ಷೇತ್ರ. ಲೋಕಸಭೆಗೆ ಇದು ಎರಡಲ್ಲ, ಮೂರು ಕಡೆ ಹಂಚಿಹೋಗಿದೆ. ಎಂಟು ಕ್ಷೇತ್ರ ಬೆಳಗಾವಿಗೆ, ಎಂಟು ಚಿಕ್ಕೋಡಿಗೆ, ಉಳಿದ ಖಾನಾಪುರ ಮತ್ತು ಕಿತ್ತೂರು ಉತ್ತರ ಕನ್ನಡಕ್ಕೆ.

ದೂರದ ಲೆಕ್ಕ ಇನ್ನೂ ಹೆಚ್ಚು ಹೇಳುತ್ತದೆ. ಅಥಣಿಯಿಂದ ಬೆಳಗಾವಿಗೆ ಸುಮಾರು 140 ಕಿಲೋಮೀಟರ್. ತಾಲೂಕಿನ ಪೂರ್ವದ ತುದಿಯಲ್ಲಿರುವ ತೆಲಸಂಗದಂಥ ಊರಿನಿಂದ ಇನ್ನೂ ದೂರ, ಅವರಿಗೆ ವಿಜಯಪುರವೇ ಹತ್ತಿರ. ಅಥಣಿ, ಕಾಗವಾಡದ ಜನ ದೊಡ್ಡ ಆಸ್ಪತ್ರೆ ಬೇಕೆಂದರೆ ಮೊದಲಿನಿಂದಲೂ ಮಹಾರಾಷ್ಟ್ರದ ಮಿರಜ್, ಸಾಂಗ್ಲಿಗೆ ಹೋಗುತ್ತಾರೆ. ರಾಮದುರ್ಗದವರಿಗೆ ಜಿಲ್ಲಾ ಕೇಂದ್ರ ನೂರು ಕಿಲೋಮೀಟರ್‌ಗೂ ಮೇಲೆ. ಡಿಸಿ ಕಚೇರಿಯಲ್ಲಿ ಒಂದು ಸಹಿ ಬೇಕೆಂದರೆ ಬೆಳಿಗ್ಗೆ ಮೊದಲ ಬಸ್ಸು, ರಾತ್ರಿ ಕೊನೆಯ ಬಸ್ಸು. ಸಾಹೇಬರು ಮೀಟಿಂಗಿಗೆ ಹೋಗಿದ್ದರೆ ನಾಳೆ ಮತ್ತೆ ಅದೇ ದಾರಿ, ಅವತ್ತಿನ ಕೂಲಿಯೂ ಹೋಯಿತು.

ಸರ್ಕಾರಕ್ಕೆ ಇದು ಗೊತ್ತಿಲ್ಲ ಎಂದಲ್ಲ. ಸದ್ದಿಲ್ಲದೆ ಅದೇ ಜಿಲ್ಲೆಯನ್ನು ಕಚೇರಿ ಕಚೇರಿಯಾಗಿ ಒಡೆದಿದೆ. ಶಿಕ್ಷಣ ಇಲಾಖೆಗೆ ಬೆಳಗಾವಿ ಮತ್ತು ಚಿಕ್ಕೋಡಿ ಎರಡು ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಚಿಕ್ಕೋಡಿ ಪ್ರತ್ಯೇಕವಾಗಿ ಬರುವುದು ಅದಕ್ಕೇ. ಗಾಡಿ ನಂಬರ್ ನೋಡಿ: ಬೆಳಗಾವಿ ಕೆಎ 22, ಚಿಕ್ಕೋಡಿ ಕೆಎ 23, ಬೈಲಹೊಂಗಲ ಕೆಎ 24, ಗೋಕಾಕ ಕೆಎ 49. ಕಂದಾಯ ಇಲಾಖೆಗೆ ಬೆಳಗಾವಿ, ಚಿಕ್ಕೋಡಿ, ಬೈಲಹೊಂಗಲ ಎಂಬ ಉಪವಿಭಾಗಗಳಿವೆ. ಜಿಲ್ಲೆಗೊಂದು ಎಂದು ಬರುವ ಕೃಷಿ ವಿಜ್ಞಾನ ಕೇಂದ್ರ ಇಲ್ಲಿ ಎರಡು, ಒಂದು ತುಕ್ಕಾನಟ್ಟಿಯಲ್ಲಿ, ಒಂದು ಮತ್ತಿಕೊಪ್ಪದಲ್ಲಿ. ಜವಾಹರ ನವೋದಯ ಶಾಲೆ ಇರುವುದು ಬೆಳಗಾವಿ ಊರಲ್ಲಲ್ಲ, ಚಿಕ್ಕೋಡಿ ಹತ್ತಿರದ ಕೋಥಳಿಯಲ್ಲಿ. ಒಡೆಯದೆ ಉಳಿದಿರುವುದು ಡಿಸಿ ಕುರ್ಚಿ, ಜಿಲ್ಲಾ ಪಂಚಾಯತಿ, ಮತ್ತು ಹೆಸರು.

ಈ ಜಿಲ್ಲೆ ಕೂಡಿಬಂದ ಬಗೆ

ಬೆಳಗಾವಿ ಜಿಲ್ಲೆ ಒಂದೇ ಸಲ ಹುಟ್ಟಿದ್ದಲ್ಲ. 1818ರಲ್ಲಿ ಪೇಶ್ವೆಗಳು ಸೋತ ಮೇಲೆ ಈ ಭಾಗ ಕಂಪನಿ ಸರ್ಕಾರಕ್ಕೆ ಬಂತು. ಮೊದಲು ಎಲ್ಲವೂ ಧಾರವಾಡದ ಕಲೆಕ್ಟರನ ಕೆಳಗೆ. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ಎದುರು ಪಡೆ ತಂದು ಸತ್ತ ಕಲೆಕ್ಟರ್ ಥ್ಯಾಕರೆ ಇದ್ದದ್ದು ಧಾರವಾಡದಲ್ಲೇ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅದಾಗಿ ಐದು ವರ್ಷಕ್ಕೆ, 1836ರಲ್ಲಿ, ಬೆಳಗಾವಿ ಬೇರೆ ಜಿಲ್ಲೆಯಾಯಿತು. ಹಾಗೆ ನೋಡಿದರೆ ಬೆಳಗಾವಿ ಹುಟ್ಟಿದ್ದೇ ಒಂದು ದೊಡ್ಡ ಜಿಲ್ಲೆ ಒಡೆದದ್ದರಿಂದ.

ಆದರೆ ಆ ಜಿಲ್ಲೆಯ ನಕ್ಷೆ ತೂತುತೂತು. ನಡುನಡುವೆ ಸಂಸ್ಥಾನಗಳು. ರಾಯಬಾಗ ಕೊಲ್ಹಾಪುರದ್ದು, ರಾಮದುರ್ಗಕ್ಕೆ ತನ್ನದೇ ರಾಜ. ಬೆಳಗಾವಿ ಊರಿಗೆ ಅಂಟಿಕೊಂಡ ಶಹಾಪುರ ಸಾಂಗ್ಲಿಯದ್ದು, ಅಂದರೆ ಒಂದು ಪೇಟೆಯಿಂದ ಪಕ್ಕದ ಪೇಟೆಗೆ ಹೋದರೆ ಸರ್ಕಾರವೇ ಬೇರೆ. ಸ್ವಾತಂತ್ರ್ಯ ಬಂದ ಮೇಲೆ ಈ ತುಂಡುಗಳನ್ನು ಹೊಲಿದು ಒಂದು ಜಿಲ್ಲೆ ಮಾಡಿದರು. 1956ರಲ್ಲಿ ಚಂದಗಡ ತಾಲೂಕನ್ನು ಮುಂಬೈ ರಾಜ್ಯಕ್ಕೆ ಬಿಟ್ಟು, ಉಳಿದ ಬೆಳಗಾವಿಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿದರು.

ಒಳಗಿನ ಊರುಗಳೂ ಒಂದೇ ತರಹ ಇಲ್ಲ. ಖಾನಾಪುರದಲ್ಲಿ ಪಶ್ಚಿಮ ಘಟ್ಟದ ಕಾಡು, ಧೋ ಎನ್ನುವ ಮಳೆ. ಅಥಣಿಯ ಪೂರ್ವಕ್ಕೆ ಮಳೆ ಕಾಣದ ಬಯಲು. ನಡುವೆ ಕೃಷ್ಣಾ, ಘಟಪ್ರಭಾ ದಂಡೆಯಲ್ಲಿ ಕಣ್ಣು ಹಾಯುವಷ್ಟು ಕಬ್ಬು. ನಿಪ್ಪಾಣಿ ತಂಬಾಕಿನ ಊರು. 1981ರಲ್ಲಿ ಅಲ್ಲಿ ತಂಬಾಕು ಬೆಳೆಗಾರರ ದೊಡ್ಡ ಚಳವಳಿ ನಡೆದು ಗೋಲಿಬಾರೂ ಆಯಿತು. ಗೋಕಾಕದಲ್ಲಿ ಫಾಲ್ಸ್ ಪಕ್ಕದ ಹಳೆಯ ನೂಲಿನ ಗಿರಣಿ ಮತ್ತು ಕರದಂಟು. ಅಥಣಿ ಸುತ್ತ ಹೊಲಿಯುವ ಚಪ್ಪಲಿ ಕೊಲ್ಹಾಪುರಿ ಹೆಸರಲ್ಲಿ ಊರೂರಿಗೆ ಹೋಗುತ್ತದೆ. ಸವದತ್ತಿಗೆ ಯಲ್ಲಮ್ಮನೇ ಎಲ್ಲ. ಮಾತಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಲೆತಿವೆ. ಇಷ್ಟನ್ನೂ ಒಂದೇ ಕಚೇರಿಯಿಂದ ನೋಡಿಕೊಳ್ಳಬೇಕು.

1997: ಒಂದೇ ವರ್ಷ, ಎರಡು ಕಥೆ

ಜಿಲ್ಲೆಗಳನ್ನು ಚಿಕ್ಕದು ಮಾಡಬೇಕೆಂದು 1970, 80ರ ದಶಕಗಳಲ್ಲೇ ಸಮಿತಿಗಳು ಕೂತಿದ್ದವು. ವಾಸುದೇವ ರಾವ್ ಸಮಿತಿ, ಹುಂಡೇಕರ್ ಸಮಿತಿ, ಗದ್ದಿಗೌಡರ ಸಮಿತಿ. ವರದಿಗಳು ಬಂದವು, ಕಪಾಟು ಸೇರಿದವು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಧೈರ್ಯ ಮಾಡಿತು. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ ಹೀಗೆ ಏಳು ಹೊಸ ಜಿಲ್ಲೆ. 20 ಇದ್ದದ್ದು 27 ಆಯಿತು.

ಇಲ್ಲಿ ಒಂದು ಹೋಲಿಕೆ ನೋಡಿ. 1991ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನ 35 ಲಕ್ಷ. ಬೆಳಗಾವಿಯದ್ದು 35.8 ಲಕ್ಷ. ಹೆಚ್ಚು ಕಡಿಮೆ ಒಂದೇ ತೂಕದ ಅಕ್ಕಪಕ್ಕದ ಜಿಲ್ಲೆಗಳು. ಧಾರವಾಡ ಒಡೆದು ಧಾರವಾಡ, ಗದಗ, ಹಾವೇರಿ ಎಂದು ಮೂರಾಯಿತು. ಬೆಳಗಾವಿಯನ್ನೂ ಬೆಳಗಾವಿ, ಚಿಕ್ಕೋಡಿ, ಗೋಕಾಕ ಎಂದು ಮೂರು ಮಾಡಲು ಅದೇ ಸರ್ಕಾರ ಹೊರಟಿತ್ತು, ಘೋಷಣೆಯನ್ನೂ ಮಾಡಿತ್ತು. ಕನ್ನಡ ಸಂಘಟನೆಗಳಿಂದ ಜೋರಾದ ವಿರೋಧ ಬಂತು. ಸರ್ಕಾರ ಹಿಂದೆ ಸರಿಯಿತು.

ಆಮೇಲೆ 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಆದವು. ಯಾದಗಿರಿ ಆಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ ಸಂಖ್ಯೆ 31ಕ್ಕೆ ಬಂತು. ಬೆಳಗಾವಿ ಮಾತ್ರ ಇದ್ದಲ್ಲೇ ಇದೆ.

ಕಾನೂನು ಇದಕ್ಕೆ ಅಡ್ಡಿಯಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ ಪ್ರಕಾರ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಜಿಲ್ಲೆ ಮಾಡಬಹುದು. ಮೊದಲು ಕರಡು ಹೊರಡಿಸಿ, ಜನರ ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮ ಆದೇಶ. ವಿಜಯನಗರಕ್ಕೆ 2020ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿತು, 2021ರ ಫೆಬ್ರವರಿಗೆ ಅಧಿಸೂಚನೆ ಬಂತು, ಅಕ್ಟೋಬರ್ 2ಕ್ಕೆ ಉದ್ಘಾಟನೆ ಆಯಿತು. ಮನಸ್ಸಿದ್ದರೆ ಮೂರು ತಿಂಗಳ ಕೆಲಸ. ಅಧಿವೇಶನದಲ್ಲಿ ಎದ್ದು ನಿಂತು ಇವತ್ತೇ ಘೋಷಿಸಿ ಎನ್ನುವವರು ಈ ಮೂರು ತಿಂಗಳ ಲೆಕ್ಕವನ್ನು ಸೆಪ್ಟೆಂಬರ್‌ನಲ್ಲೇ ಮಾಡಬೇಕಿತ್ತು, ಅಲ್ವಾ?

ಭಾಷೆಯ ಲೆಕ್ಕ

ಧಾರವಾಡಕ್ಕೆ ಇಲ್ಲದ್ದು, ಬೆಳಗಾವಿಗೆ ಇದ್ದದ್ದು ಒಂದೇ. ಗಡಿ ತಕರಾರು.

1956ರ ರಾಜ್ಯ ಮರುವಿಂಗಡಣೆಯ ನಂತರದಿಂದಲೂ ಮಹಾರಾಷ್ಟ್ರದ ಕಡೆಯವರು ಬೆಳಗಾವಿಯನ್ನು ಕೇಳುತ್ತಿದ್ದಾರೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ನಗರ ಮೈಸೂರು ರಾಜ್ಯದಲ್ಲೇ ಇರಲಿ, ನಿಪ್ಪಾಣಿ, ಖಾನಾಪುರ ಸೇರಿ 264 ಹಳ್ಳಿ-ಊರು ಮಹಾರಾಷ್ಟ್ರಕ್ಕೆ ಹೋಗಲಿ, ಅಲ್ಲಿಂದ 247 ಹಳ್ಳಿ ಇಲ್ಲಿಗೆ ಬರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆ ದಾವೆ ಇನ್ನೂ ಇದೆ. 2006ರಲ್ಲಿ ಇಲ್ಲಿ ಅಧಿವೇಶನ ಶುರು ಮಾಡಿದ್ದು, 2012ರಲ್ಲಿ ಸುವರ್ಣ ವಿಧಾನಸೌಧ ಕಟ್ಟಿ ಮುಗಿಸಿದ್ದು, 2014ರಲ್ಲಿ ಬೆಳಗಾಂ ಅನ್ನು ಬೆಳಗಾವಿ ಮಾಡಿದ್ದು ಎಲ್ಲವೂ ಈ ತಕರಾರಿಗೆ ಕರ್ನಾಟಕ ಕೊಟ್ಟ ಉತ್ತರಗಳೇ.

ಒಡೆಯಬೇಡಿ ಎನ್ನುವವರ ವಾದ ಹೀಗಿದೆ. 2011ರಲ್ಲಿ ಇಡೀ ಜಿಲ್ಲೆಯಲ್ಲಿ ಕನ್ನಡ ತಾಯ್ನುಡಿಯವರು ನೂರಕ್ಕೆ ಸುಮಾರು 68. ಮರಾಠಿ 19ರ ಹತ್ತಿರ, ಉರ್ದು 10. ಮರಾಠಿ ಜಾಸ್ತಿ ಇರುವುದು ಬೆಳಗಾವಿ ನಗರ ಮತ್ತು ತಾಲೂಕು, ಖಾನಾಪುರ, ನಿಪ್ಪಾಣಿ ಕಡೆ. ಗೋಕಾಕ, ರಾಯಬಾಗ, ಅಥಣಿಯಂಥ ಕನ್ನಡದ ತಾಲೂಕುಗಳನ್ನು ಕಿತ್ತು ಬೇರೆ ಜಿಲ್ಲೆ ಮಾಡಿದರೆ, ಉಳಿದ ಬೆಳಗಾವಿಯಲ್ಲಿ ಮರಾಠಿ ಪಾಲು ಒಮ್ಮೆಲೇ ಏರುತ್ತದೆ. ನಗರವು ಸುತ್ತಲಿನ ಕನ್ನಡ ಹಳ್ಳಿಗಳ ಜೊತೆ ಬೆಸೆದುಕೊಂಡಿದೆ ಎಂಬ ನಮ್ಮ ಹಳೆಯ ವಾದ ಸಡಿಲವಾಗುತ್ತದೆ. ಜೊತೆಗೆ ಭಾಷಾ ಅಲ್ಪಸಂಖ್ಯಾತರ ನಿಯಮ ಬೇರೆ. ಒಂದು ಜಿಲ್ಲೆಯಲ್ಲಿ ನೂರಕ್ಕೆ 60 ಜನ ರಾಜ್ಯಭಾಷೆ ಬಿಟ್ಟು ಬೇರೆ ಭಾಷೆಯವರಾದರೆ ಅದಕ್ಕೆ ಅಲ್ಲಿ ಹೆಚ್ಚುವರಿ ಆಡಳಿತ ಭಾಷೆಯ ಸ್ಥಾನ ಕೊಡಬಹುದು ಎಂಬ ಒಪ್ಪಂದ 1960ರ ದಶಕದಿಂದ ಇದೆ.

ಈ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಆದರೆ ಲೆಕ್ಕ ಹಾಕಿ ನೋಡಬಹುದು. ಇಡೀ ಜಿಲ್ಲೆಯ ಮರಾಠಿ ತಾಯ್ನುಡಿಯವರೆಲ್ಲ ಸೇರಿದರೂ 2011ರಲ್ಲಿ 9 ಲಕ್ಷದ ಆಸುಪಾಸು. ಉಳಿಯುವ ಬೆಳಗಾವಿ ಜಿಲ್ಲೆಯಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೇರಿ 20 ಲಕ್ಷ ಜನ ಇದ್ದರು ಎಂದುಕೊಳ್ಳಿ. ನಿಪ್ಪಾಣಿಯವರನ್ನೂ ತಂದು ಇಲ್ಲೇ ಎಣಿಸಿದರೂ ಪಾಲು 45 ದಾಟುವುದಿಲ್ಲ. ನಿಜದಲ್ಲಿ ನಿಪ್ಪಾಣಿ ಚಿಕ್ಕೋಡಿ ಕಡೆಗೆ ಹೋಗುತ್ತದೆ, ಹಾಗಾಗಿ ಇನ್ನೂ ಕಡಿಮೆ. ಅಪಾಯ ಇರುವುದು ಬೆಳಗಾವಿಗೆ ಬರೀ ಖಾನಾಪುರ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿದರೆ ಮಾತ್ರ. ಅಂದರೆ ತೊಂದರೆ ಒಡೆಯುವುದರಲ್ಲಿ ಅಲ್ಲ, ಎಲ್ಲಿ ಒಡೆಯುತ್ತೇವೆ ಎಂಬುದರಲ್ಲಿ.

ಕೋರ್ಟಿನ ಮಾತಿಗೂ ಇದಕ್ಕೂ ನೇರ ನಂಟು ಕಡಿಮೆ. ಮಹಾರಾಷ್ಟ್ರ ಕೇಳುತ್ತಿರುವುದು ಜಿಲ್ಲೆಯನ್ನಲ್ಲ, ಹಳ್ಳಿಗಳ ಪಟ್ಟಿಯನ್ನು. ಹಳ್ಳಿಯೇ ಘಟಕವಾಗಬೇಕು ಎನ್ನುವುದು ಅವರ ಮೂಲ ವಾದ. ಹಳ್ಳಿ ಯಾವ ಡಿಸಿಯ ಕೆಳಗಿದ್ದರೂ ಆ ವಾದ ಹಾಗೇ ಇರುತ್ತದೆ. ರಾಜ್ಯದ ಗಡಿ ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಎನ್ನುವ ಕರ್ನಾಟಕದ ಉತ್ತರವೂ ಜಿಲ್ಲೆಯ ಗೆರೆಯ ಮೇಲೆ ನಿಂತಿಲ್ಲ. ಇನ್ನು ಮತಪೆಟ್ಟಿಗೆ ನೋಡಿದರೆ, ಗಡಿ ವಿಷಯವನ್ನೇ ನಂಬಿದ ಮಹಾರಾಷ್ಟ್ರ ಏಕೀಕರಣ ಸಮಿತಿಗೆ 2018ರಲ್ಲೂ 2023ರಲ್ಲೂ ಒಂದು ವಿಧಾನಸಭಾ ಸ್ಥಾನವೂ ಸಿಗಲಿಲ್ಲ. 1997ರ ಹೆದರಿಕೆ ಆ ಕಾಲಕ್ಕೆ ಸರಿಯಿತ್ತು. ಇವತ್ತು ಅದೇ ಕಾರಣವನ್ನು ಹಾಗೇ ಹೇಳುವವರು ಸ್ವಲ್ಪ ಹೊಸ ಅಂಕಿಗಳನ್ನೂ ನೋಡಬೇಕು.

ಯಾವ ಊರು, ಯಾರ ಊರು?

ಭಾಷೆ ಅಡ್ಡಿಯಾಗದಿದ್ದರೆ ಮತ್ತೇನು? ಇಲ್ಲಿಂದ ಮುಂದಿನದು ಜನ ಕಟ್ಟೆಯ ಮೇಲೆ ಮಾತಾಡುತ್ತಾರೆ, ಸರ್ಕಾರಿ ಕಾಗದದಲ್ಲಿ ಬರುವುದಿಲ್ಲ.

ಚಿಕ್ಕೋಡಿ ಜಿಲ್ಲೆಯಾಗಲಿ ಎಂಬುದಕ್ಕೆ ಉತ್ತರದ ತಾಲೂಕುಗಳಲ್ಲಿ ಒಪ್ಪಿಗೆ ಇದೆ ಎಂದುಕೊಂಡರೆ, ಗೋಕಾಕದವರು ನಮ್ಮನ್ನೂ ಜೊತೆಗೇ ಮಾಡಿ ಎನ್ನುತ್ತಾರೆ. ಅಥಣಿಯವರಿಗೆ ಚಿಕ್ಕೋಡಿಯೂ ಅರವತ್ತು-ಎಪ್ಪತ್ತು ಕಿಲೋಮೀಟರ್ ದೂರ, ಅಲ್ಲಿಯೂ ಪ್ರತ್ಯೇಕ ಜಿಲ್ಲೆಯ ಮಾತು ಬರುತ್ತದೆ. ಬೈಲಹೊಂಗಲದವರು ಕಿತ್ತೂರು ನಾಡಿನ ಹೆಸರು ಹಿಡಿಯುತ್ತಾರೆ. ಒಂದು ಕೊಟ್ಟರೆ ನಾಲ್ಕು ಕಡೆ ಬಂದ್. ಯಾವುದನ್ನೂ ಕೊಡದಿದ್ದರೆ ಎಲ್ಲರಿಗೂ ಒಂದೇ ಅಸಮಾಧಾನ. ಸರ್ಕಾರಗಳು ಎರಡನೆಯದನ್ನೇ ಆರಿಸಿಕೊಂಡು ಬಂದಿವೆ, ಅದು ಅಗ್ಗ.

ಇನ್ನೊಂದು ಇದೆ. ಬೆಳಗಾವಿಯ ರಾಜಕೀಯ ಪಕ್ಷಗಳಿಗಿಂತ ಮನೆತನಗಳ ಮೇಲೆ ನಿಂತದ್ದು. ಗೋಕಾಕ ಕಡೆ ಜಾರಕಿಹೊಳಿ, ಹುಕ್ಕೇರಿಯಲ್ಲಿ ಕತ್ತಿ, ಚಿಕ್ಕೋಡಿ-ನಿಪ್ಪಾಣಿಯಲ್ಲಿ ಹುಕ್ಕೇರಿ (ಇದು ಊರಲ್ಲ, ಮನೆತನದ ಹೆಸರು), ಕೋರೆ, ಜೊಲ್ಲೆ, ಅಥಣಿಯಲ್ಲಿ ಸವದಿ. ಇವರ ಬಲ ಬರೀ ವಿಧಾನಸಭೆಯಲ್ಲಿ ಇಲ್ಲ. ಸಕ್ಕರೆ ಕಾರ್ಖಾನೆ, ಸೊಸೈಟಿ, ಹಾಲು ಒಕ್ಕೂಟ, ಎಲ್ಲಕ್ಕಿಂತ ಮೇಲೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು. ಹಳ್ಳಿಯ ರೈತನಿಗೆ ಬೆಳೆಸಾಲ ಬರುವುದು ಊರಿನ ಪಿಕೆಪಿಎಸ್, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘದ ಮೂಲಕ, ಪಿಕೆಪಿಎಸ್‌ಗೆ ದುಡ್ಡು ಬರುವುದು ಡಿಸಿಸಿ ಬ್ಯಾಂಕಿನಿಂದ. ಹಾಗಾಗಿ ಇಲ್ಲಿ ಡಿಸಿಸಿ ಬ್ಯಾಂಕಿನ ಚುನಾವಣೆ ಎಂದರೆ ಶಾಸಕರ ಚುನಾವಣೆಗಿಂತ ಜೋರು. 2025ರ ಅಕ್ಟೋಬರ್‌ನಲ್ಲಿ ನಡೆದ ಆ ಚುನಾವಣೆಯನ್ನು ಊರೆಲ್ಲ ನೋಡಿದೆ.

ಜಿಲ್ಲೆ ಒಡೆದರೆ ಇವತ್ತಲ್ಲ ನಾಳೆ ಬ್ಯಾಂಕು, ಒಕ್ಕೂಟ ಒಡೆಯುವ ಪ್ರಶ್ನೆಯೂ ಬರುತ್ತದೆ. ಒಬ್ಬರಿಗೆ ಅದು ತಮ್ಮ ಪಾಲಿನ ಕುರ್ಚಿ, ಇನ್ನೊಬ್ಬರಿಗೆ ಕೈ ಜಾರುವ ಅರ್ಧ ಜಿಲ್ಲೆ. ಬಹಿರಂಗವಾಗಿ ಎಲ್ಲರೂ ವಿಭಜನೆಯ ಪರ. ಗೆರೆ ಎಲ್ಲಿ ಎಂದು ಕೇಳಿದಾಗ ಮಾತ್ರ ಒಬ್ಬರ ನಕ್ಷೆ ಇನ್ನೊಬ್ಬರಿಗೆ ಹೊಂದುವುದಿಲ್ಲ. ಪಕ್ಷ ಬದಲಾದರೂ, ಸರ್ಕಾರ ಬದಲಾದರೂ ಕಡತ ಅಲ್ಲೇ ನಿಲ್ಲುವುದಕ್ಕೆ ಇದೇ ದೊಡ್ಡ ಕಾರಣ ಎಂದು ತೋರುತ್ತದೆ. ಗಡಿ ವಿವಾದ ಅದಕ್ಕೆ ಹೊದಿಸಿದ ಗೌರವದ ಶಾಲು.

ಡಿಸಿ ಹತ್ತಿರ ಬಂದರೆ ಏನು ಸಿಗುತ್ತದೆ?

ಈಗ ಜನರ ಕಡೆಯಿಂದ ನೋಡೋಣ. ಉತಾರ, ಅಂದರೆ ಪಹಣಿ ಬೇಕೆಂದರೆ ಇವತ್ತು ಬೆಳಗಾವಿಗೆ ಹೋಗಬೇಕಿಲ್ಲ, ಮೊಬೈಲಿನಲ್ಲೂ ಸಿಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಆಗುತ್ತದೆ. ಪಿಂಚಣಿ, ಖಾತೆ ಬದಲಾವಣೆ ತಹಶೀಲ್ದಾರರ ಮಟ್ಟದ್ದು. ಹಾಗಾಗಿ ಜಿಲ್ಲೆ ಆದರೆ ಎಲ್ಲ ಕೆಲಸ ಹತ್ತಿರ ಆಗುತ್ತದೆ ಎನ್ನುವುದು ಅರ್ಧ ನಿಜ.

ಉಳಿದರ್ಧ ಮಾತ್ರ ಗಟ್ಟಿ ನಿಜ. ಜಮೀನಿನ ತಂಟೆ ಉಪವಿಭಾಗಾಧಿಕಾರಿಯ (ಎಸಿ) ಕೋರ್ಟ್ ದಾಟಿ ಮೇಲ್ಮನವಿಗೆ ಹೋದರೆ ಡಿಸಿ ಮುಂದೆ ನಿಲ್ಲಬೇಕು. ಕೃಷಿ ಜಮೀನನ್ನು ಮನೆ ಕಟ್ಟಲು ಪರಿವರ್ತನೆ ಮಾಡಿಸುವುದು ಡಿಸಿ ಕೈಯಲ್ಲಿ. ಜಿಲ್ಲಾ ಆಸ್ಪತ್ರೆ, ಎಸ್ಪಿ, ಜಿಲ್ಲಾ ಪಂಚಾಯತಿ ಸಿಇಒ, ಖಜಾನೆ ಎಲ್ಲ ಜಿಲ್ಲಾ ಕೇಂದ್ರದಲ್ಲೇ. ಎಲ್ಲಕ್ಕಿಂತ ಮುಖ್ಯ ಪ್ರವಾಹ. 2005ರಲ್ಲಿ, 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿಗೆ ಮಹಾರಾಷ್ಟ್ರದಿಂದ ನೀರು ಬಂದು ಚಿಕ್ಕೋಡಿ, ರಾಯಬಾಗ, ಅಥಣಿಯ ದಂಡೆ ಹಳ್ಳಿಗಳು ಮುಳುಗಿದವು. 2019ರಲ್ಲಿ ಅದೇ ವಾರ ಘಟಪ್ರಭಾ ಗೋಕಾಕಕ್ಕೆ ನುಗ್ಗಿತು, ಮಲಪ್ರಭಾ ರಾಮದುರ್ಗಕ್ಕೆ. ಮೂರು ನದಿ, ಮೂರು ದಿಕ್ಕು, ಒಬ್ಬ ಡಿಸಿ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಎಂದು ಸಾಂಗ್ಲಿ, ಕೊಲ್ಹಾಪುರದ ಕಲೆಕ್ಟರರ ಜೊತೆ ಗಂಟೆಗಂಟೆಗೆ ಮಾತಾಡಬೇಕು, ಅದೇ ಹೊತ್ತಿಗೆ ರಾಮದುರ್ಗಕ್ಕೆ ದೋಣಿ ಕಳಿಸಬೇಕು. ಪ್ರತ್ಯೇಕ ಜಿಲ್ಲೆಗೆ ಇದಕ್ಕಿಂತ ಒಳ್ಳೆಯ ವಾದ ಬೇರೆ ಇಲ್ಲ. ವಿಚಿತ್ರ ಎಂದರೆ ಭಾಷಣಗಳಲ್ಲಿ ಕಡಿಮೆ ಕೇಳುವುದೂ ಇದನ್ನೇ.

ಆದರೆ ಡಿಸಿ ಹತ್ತಿರ ಬಂದ ಮಾತ್ರಕ್ಕೆ ತೀರ್ಮಾನವೂ ಹತ್ತಿರ ಬರುವುದಿಲ್ಲ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್‌ಗೆ 3,500 ರೂಪಾಯಿ ಕೇಳಿ ಕೂತಾಗ ಏನಾಯಿತು? ಅಧಿಕಾರಿಗಳು ಬಂದರು, ಮಾತಾಡಿದರು. 3,300 ಎಂಬ ತೀರ್ಮಾನ ಬಂದದ್ದು ಬೆಂಗಳೂರಿನಿಂದ. ಇನ್ನು ಜಿಲ್ಲಾ ಪಂಚಾಯತಿ ನೋಡಿ. ಕೊನೆಯ ಚುನಾವಣೆ 2016ರಲ್ಲಿ. ಅವಧಿ 2021ಕ್ಕೆ ಮುಗಿಯಿತು. ಅಂದಿನಿಂದ ಜನರು ಆರಿಸಿದ ಸದಸ್ಯರಿಲ್ಲದೆ ಅಧಿಕಾರಿಗಳೇ ನಡೆಸುತ್ತಿದ್ದಾರೆ. ಇದು ಬೆಳಗಾವಿಯದ್ದಷ್ಟೇ ಅಲ್ಲ, ರಾಜ್ಯದ ಕಥೆ. ಇರುವ ಜಿಲ್ಲೆಗೇ ಜಿಲ್ಲಾ ಸಭೆ ಇಲ್ಲದಾಗ ಇನ್ನೆರಡು ಜಿಲ್ಲೆ ಆಡಳಿತವನ್ನು ಜನರ ಹತ್ತಿರ ತರುತ್ತವೆ ಎನ್ನುವುದನ್ನು ಸ್ವಲ್ಪ ತಡೆದು ಕೇಳಬೇಕು.

ಖರ್ಚಿನ ಮಾತೂ ಇದೆ. 2017-18ರ ಬಜೆಟ್‌ನಲ್ಲಿ 49 ಹೊಸ ತಾಲೂಕು ಘೋಷಿಸಿದರು. ಬೋರ್ಡು ಬಂತು, ತಹಶೀಲ್ದಾರರು ಬಂದರು. ಉಳಿದ ಇಲಾಖೆಗಳು ಬಹಳ ಕಡೆ ಹಳೆಯ ತಾಲೂಕಿನಲ್ಲೇ ಉಳಿದು, ಜನ ಎರಡೂ ಕಡೆ ಓಡಾಡುವಂತಾಯಿತು. ಜಿಲ್ಲೆಯ ವಿಷಯದಲ್ಲಿ ಹೀಗಾದರೆ ಅಥಣಿಯ ರೈತ ಒಂದು ಕಾಗದಕ್ಕೆ ಚಿಕ್ಕೋಡಿಗೂ, ಹಳೆಯ ಕಡತಕ್ಕೆ ಬೆಳಗಾವಿಗೂ ಹೋಗಬೇಕಾಗುತ್ತದೆ.

ನಡುದಾರಿ ಇಲ್ಲವೇ?

ಇದೆ, ಆದರೆ ಅದರಲ್ಲಿ ಹಾರ-ತುರಾಯಿ ಇಲ್ಲ. ಕೋಲಾರ ಜಿಲ್ಲೆಯೊಳಗೆ ಕೆಜಿಎಫ್‌ಗೆ ಬೇರೆಯೇ ಎಸ್ಪಿ ಇದ್ದಾರೆ. ಕಂದಾಯ ಜಿಲ್ಲೆ ಒಂದೇ, ಪೊಲೀಸ್ ಜಿಲ್ಲೆ ಎರಡು. ಚಿಕ್ಕೋಡಿಗೂ ಹಾಗೆ ಒಬ್ಬ ಎಸ್ಪಿ, ಮೇಲ್ಮನವಿ ಕೇಳುವ ಅಧಿಕಾರ ಇರುವ ಒಬ್ಬ ಹೆಚ್ಚುವರಿ ಡಿಸಿ, ಜಿಲ್ಲಾ ಆಸ್ಪತ್ರೆಯ ಮಟ್ಟದ ಒಂದು ಆಸ್ಪತ್ರೆ ಕೊಟ್ಟರೆ ಗಡುವಿನ ಹಂಗಿಲ್ಲ. ಇದರಿಂದ ಯಾವ ಗಡಿಯೂ ಬದಲಾಗುವುದಿಲ್ಲ, ಜನಗಣತಿಯ ತಡೆಯೂ ಅಡ್ಡ ಬರುವುದಿಲ್ಲ. ಶಿಕ್ಷಣ ಇಲಾಖೆ ಮಾಡಿದ್ದನ್ನೇ ಉಳಿದ ಇಲಾಖೆಗಳೂ ಮಾಡಬೇಕು, ಅಷ್ಟೇ. ಹಾಗೆ ಮಾಡಿದರೆ ಮುಂದೆ ಜಿಲ್ಲೆ ಘೋಷಣೆಯಾದಾಗ ಕಚೇರಿಗಳು ಮೊದಲೇ ನಿಂತಿರುತ್ತವೆ. ಹೋರಾಟಗಾರರು ಇದನ್ನು ಕಣ್ಣೊರೆಸುವ ತಂತ್ರ ಎನ್ನುತ್ತಾರೆ. 1997ರಿಂದ ಭರವಸೆ ಕೇಳಿದವರು ಹಾಗೆ ಅನ್ನುವುದರಲ್ಲಿ ತಪ್ಪಿಲ್ಲ.

ಹುಕ್ಕೇರಿ ಎತ್ತ?

ಕರಡು ಅಧಿಸೂಚನೆ ಯಾವಾಗ ಹೊರಬಂದರೂ ಓದುಗರು ಜಿಲ್ಲೆಯ ಹೆಸರು ನೋಡಿ ಪತ್ರಿಕೆ ಮಡಚಬಾರದು. ಒಳಗಿನ ತಾಲೂಕುಗಳ ಪಟ್ಟಿ ನೋಡಬೇಕು. ಅದರಲ್ಲೂ ಹುಕ್ಕೇರಿ.

ಹುಕ್ಕೇರಿ ಬೆಳಗಾವಿ, ಗೋಕಾಕ, ಚಿಕ್ಕೋಡಿ ಮೂರಕ್ಕೂ ನಡುವೆ ಇದೆ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯ ಇರುವುದು ಈ ತಾಲೂಕಿನಲ್ಲಿ, ಆ ನೀರು ಕೆಳಗಿನ ಗೋಕಾಕಕ್ಕೂ ಬೇಕು, ಬೆಳಗಾವಿ ನಗರಕ್ಕೂ ಬೇಕು. ರಾಜ್ಯದಲ್ಲಿ ಬೇರೆಲ್ಲೂ ಇಲ್ಲದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇರುವುದೂ ಇಲ್ಲೇ, ಅದರ ಆಡಳಿತ ಮಂಡಳಿಗೂ ಮನೆತನಗಳ ಜಿದ್ದಾಜಿದ್ದಿ. ಲೋಕಸಭೆಗೆ ಹುಕ್ಕೇರಿ ಮತ್ತು ಯಮಕನಮರಡಿ ಎರಡೂ ವಿಧಾನಸಭಾ ಕ್ಷೇತ್ರಗಳು ಚಿಕ್ಕೋಡಿ ಜೊತೆ ಇವೆ. ಈ ತಾಲೂಕು ಚಿಕ್ಕೋಡಿಗೆ ಹೋದರೆ ಗೋಕಾಕ ಜಿಲ್ಲೆ ಸಣ್ಣದಾಗುತ್ತದೆ, ಗೋಕಾಕಕ್ಕೆ ಹೋದರೆ ಚಿಕ್ಕೋಡಿಯ ಬಲ ತಗ್ಗುತ್ತದೆ, ಬೆಳಗಾವಿಯಲ್ಲೇ ಉಳಿದರೆ ಕನ್ನಡದ ತೂಕ ಅಲ್ಲಿ ಹೆಚ್ಚುತ್ತದೆ. ಮೂರರಲ್ಲಿ ಯಾವುದಕ್ಕೆ ಯಾವ ಶಾಸಕರು ಚಪ್ಪಾಳೆ ಹೊಡೆಯುತ್ತಾರೆ, ಯಾರು ಮೊದಲು ಆಕ್ಷೇಪಣೆ ಸಲ್ಲಿಸುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಇಪ್ಪತ್ತೆಂಟು ವರ್ಷ ಕಡತವನ್ನು ಯಾರು ಹಿಡಿದುಕೊಂಡಿದ್ದರು ಎಂಬುದು ಆವಾಗ ಗೊತ್ತಾಗುತ್ತದೆ.